ಮಾತ್ರೆಗೆ ಮೊದಲು ಇಷ್ಟು ಮಾಡಿ: ವಿಟಮಿನ್ ಕೊರತೆ ಗುರುತಿಸುವ ಕ್ರಮ

ಮಂಗಳೂರಿನ ಯಾವ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕೇಳಿಸುತ್ತದೆ: "ಸುಸ್ತು ಜಾಸ್ತಿ ಆಗಿದೆ, ಒಂದು ಬಿ ಕಾಂಪ್ಲೆಕ್ಸ್ ಕೊಡಿ." ಕೊಡುತ್ತಾರೆ, ನುಂಗುತ್ತೇವೆ. ಸುಸ್ತಿಗೆ ಕಾರಣ ಏನು ಅಂತ ಯಾರೂ ಕೇಳುವುದಿಲ್ಲ. ಥೈರಾಯ್ಡ್ ಇರಬಹುದು, ಶುಗರ್ ಇರಬಹುದು, ರಕ್ತ ಕಡಿಮೆ ಇರಬಹುದು. ವಿಟಮಿನ್ ಕೊರತೆಯೇ ಆಗಿದ್ದರೂ ಯಾವ ವಿಟಮಿನ್? ಡಿ ಕಡಿಮೆ ಇರುವವರಿಗೆ ಬಿ ಕಾಂಪ್ಲೆಕ್ಸ್ ಕೊಟ್ಟರೆ ಪ್ರಯೋಜನ ಇಲ್ಲ.

ಕ್ರಮ ಹೀಗಿರಲಿ. ಮೊದಲು ಲಕ್ಷಣ ನೋಡಿ. ಆಮೇಲೆ ಊಟ ಮತ್ತು ದಿನಚರಿ ನೋಡಿ. ಅದರ ನಂತರ ರಕ್ತ ಪರೀಕ್ಷೆ. ಮಾತ್ರೆ ಕೊನೆಗೆ. ನಮ್ಮಲ್ಲಿ ಇದು ಪೂರ್ತಿ ತಲೆಕೆಳಗಾಗಿದೆ, ಅದರಿಂದ ತೊಂದರೆಯೂ ಆಗುತ್ತಿದೆ.

ಹಂತ 1: ಏನಾಗುತ್ತಿದೆ ಅಂತ ಬರೆದಿಡಿ

ಎರಡು ವಾರ ಸಾಕು. ಒಂದು ಹಳೇ ಡೈರಿ ಅಥವಾ ಮೊಬೈಲಿನಲ್ಲಿ ಬರೆಯಿರಿ. "ಸುಸ್ತು" ಅಂತ ಮಾತ್ರ ಬರೆದರೆ ಸಾಲದು. ಸುಸ್ತು ಬೆಳಿಗ್ಗೆಯೇ ಇದೆಯಾ, ಸಂಜೆಗೆ ಬರುತ್ತದಾ? ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದಾ, ಇಲ್ಲ ತೊಡೆಯಲ್ಲಿ ಶಕ್ತಿಯೇ ಇಲ್ಲವಾ? ಉಸಿರು ಕಟ್ಟಿದರೆ ರಕ್ತಹೀನತೆ, ಹೃದಯ, ಶ್ವಾಸಕೋಶದ ಕಡೆ ಯೋಚಿಸಬೇಕು. ತೊಡೆ ಸೋತರೆ ವಿಟಮಿನ್ ಡಿ ಕಡೆ. ಜೋಮು ಒಂದೇ ಕಾಲಿಗಾ, ಎರಡಕ್ಕೂನಾ? ಒಂದೇ ಕಾಲಿಗಾದರೆ ಬೆನ್ನಿನ ನರ ಒತ್ತಿರುವ ಸಾಧ್ಯತೆ ಹೆಚ್ಚು. ಎರಡೂ ಪಾದಗಳಲ್ಲಿ ಸಮನಾಗಿ ಶುರುವಾದರೆ ಬಿ12 ಅಥವಾ ಶುಗರ್ ನೆನಪಿಗೆ ಬರಬೇಕು. ಇಷ್ಟು ವಿವರ ಹೇಳಿದರೆ ಡಾಕ್ಟರ ಕೆಲಸ ಅರ್ಧ ಸುಲಭವಾಗುತ್ತದೆ.

ಹಂತ 2: ತಟ್ಟೆ, ಬಿಸಿಲು ಮತ್ತು ಮಾತ್ರೆ ಡಬ್ಬಿ ನೋಡಿ

ಯಾವ ಕೊರತೆ ಬರಬಹುದು ಎನ್ನುವುದನ್ನು ನಿಮ್ಮ ಮನೆಯ ಅಡುಗೆ ಬಹುಪಾಲು ಹೇಳಿಬಿಡುತ್ತದೆ.

ವಾರಕ್ಕೆ ಮೂರ್ನಾಲ್ಕು ದಿನ ಬಂಗುಡೆ, ಬೂತಾಯಿ ತಿನ್ನುವವರಿಗೆ ಊಟದಿಂದ ಬಿ12 ಸಿಗುತ್ತದೆ. ಮರುವಾಯಿಯಲ್ಲಂತೂ (ಚಿಪ್ಪಿನ ಮೀನು) ಬಿ12 ತುಂಬಾ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಮಲ್ಪೆ ಬಂದರು, ಮಂಗಳೂರಿನ ಧಕ್ಕೆ ಎರಡೂ ಖಾಲಿ. ಮೀನಿನ ರೇಟು ಏರುತ್ತದೆ. ಆದರೂ ಆ ಎರಡು ತಿಂಗಳಲ್ಲಿ ಬಿ12 ಬರಿದಾಗುವುದಿಲ್ಲ, ಯಾಕೆಂದರೆ ಲಿವರ್ ಅದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ.

ಶುದ್ಧ ಸಸ್ಯಾಹಾರಿ ಮನೆಗಳ ಲೆಕ್ಕ ಬೇರೆ. ಬಿ12 ಸಹಜವಾಗಿ ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ಸೊಪ್ಪು, ಬೇಳೆ, ತೆಂಗಿನಕಾಯಿ ಯಾವುದರಲ್ಲೂ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ ಅಂತ ಹೇಳುವವರಿದ್ದಾರೆ. ಅದನ್ನು ನಂಬಿ ಕೂರಬೇಡಿ. ಉಳಿಯುವುದು ಹಾಲು, ಮೊಸರು. 100 ಮಿಲಿ ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಬಿ12 ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಅಂದರೆ ಹಾಲು, ಗಟ್ಟಿ ಮೊಸರು ಸೇರಿ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಬೇಕು. "ನಾನು ದಿನಕ್ಕೆ ಮೂರು ಕಾಫಿ ಕುಡಿಯುತ್ತೇನಲ್ಲ" ಅಂದರೆ ಲೆಕ್ಕ ಕೂಡುವುದಿಲ್ಲ. ಒಂದು ಲೋಟ ಕಾಫಿಗೆ ಬೀಳುವ ಹಾಲು ಎಷ್ಟು? ನೀರು ಮಜ್ಜಿಗೆಯಲ್ಲಿ ಇರುವುದು ಹೆಚ್ಚಿನಂಶ ನೀರೇ ಅಲ್ವಾ?

ಉಡುಪಿಯಲ್ಲಿ ಚಾತುರ್ಮಾಸ್ಯ ಆಚರಿಸುವ ಮನೆಗಳು ಬಹಳ. ಒಂದು ತಿಂಗಳು ತರಕಾರಿ ಬಿಡುತ್ತಾರೆ, ಮತ್ತೊಂದು ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಆರೋಗ್ಯವಾಗಿರುವವರಿಗೆ ಈ ವ್ರತದಿಂದ ಕೊರತೆ ಬರುವುದಿಲ್ಲ. ಆದರೆ ಮನೆಯ ಹಿರಿಯರು ವರ್ಷವಿಡೀ ಹಾಲು ಕಡಿಮೆ ಕುಡಿಯುವವರಾಗಿದ್ದು, ಬಿ12 ಮೊದಲೇ ಕೆಳಗಿದ್ದರೆ, ವ್ರತ ಶುರುವಾಗುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ. ಮಾತ್ರೆಯಿಂದ ಅದನ್ನು ಸರಿಪಡಿಸಬಹುದು, ವ್ರತ ಬಿಡಬೇಕಾಗಿಲ್ಲ.

ಇನ್ನು ಮಾತ್ರೆ ಡಬ್ಬಿ. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ12 ಹೀರಿಕೆ ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್ ಅಂತ ದಿನಾ ಬೆಳಿಗ್ಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೂಡ ಹಾಗೆಯೇ. ಎರಡನ್ನೂ ತಗೊಳ್ಳುವ ಅರವತ್ತು ದಾಟಿದ ಸಸ್ಯಾಹಾರಿಗಳು ಲಕ್ಷಣ ಬರುವವರೆಗೆ ಕಾಯಲೇಬಾರದು. ಹಾಗಂತ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಬಿ12 ಪರೀಕ್ಷೆ ಸೇರಿಸಿಕೊಳ್ಳಿ.

ಬಿಸಿಲಿನ ವಿಷಯಕ್ಕೆ ಬಂದರೆ, ಕರಾವಳಿಯಲ್ಲಿ ಬಿಸಿಲಿಗೇನು ಬರ ಅಂತ ಅನ್ನಿಸುತ್ತದೆ. ಆದರೆ ಬಿಸಿಲಿಗೆ ಹೋಗುವವರು ಯಾರು? ಏಸಿ ಆಫೀಸಿನವರು, ಮನೆಯೊಳಗೆ ಕೂತು ದಿನವಿಡೀ ಬೀಡಿ ಕಟ್ಟುವ ಹೆಂಗಸರು, ಮೈ ಪೂರ್ತಿ ಮುಚ್ಚುವ ಉಡುಪು ಹಾಕುವವರು, ಹಾಸಿಗೆ ಹಿಡಿದ ಹಿರಿಯರು, ಇವರಿಗೆಲ್ಲ ಬಿಸಿಲು ತಾಗುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿರುತ್ತದೆ. ಬೆಳಿಗ್ಗೆ ಏಳು ಗಂಟೆಯ ಎಳೆ ಬಿಸಿಲು ಹಿತವಾಗಿರುತ್ತದೆ ನಿಜ, ಆದರೆ ಅದರಲ್ಲಿ ಚರ್ಮಕ್ಕೆ ವಿಟಮಿನ್ ಡಿ ಮಾಡಲು ಬೇಕಾದ ಕಿರಣ ತೀರಾ ಕಡಿಮೆ. ಕಿಟಕಿಯ ಗಾಜಿನ ಹಿಂದೆ ಕೂತರೂ ಆ ಕಿರಣ ಬರುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು, ಅಂದರೆ ಸುಮಾರು ಹತ್ತರಿಂದ ಮೂರು ಗಂಟೆಯ ನಡುವೆ, ಕೈ, ಮುಖ, ಕಾಲು ಹದಿನೈದು ಇಪ್ಪತ್ತು ನಿಮಿಷ ಬಿಸಿಲಿಗೆ ತಾಗಬೇಕು. ವಾರಕ್ಕೆ ಮೂರ್ನಾಲ್ಕು ದಿನ. ಕಪ್ಪು ಚರ್ಮದವರಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು.

ಹಂತ 3: ಪಾದದಿಂದ ಶುರು ಮಾಡಿ

ಬಿ12 ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ. ಈ ಕೊರತೆಯಲ್ಲಿ ತಡ ಮಾಡಿದರೆ ನರಕ್ಕಾದ ಹಾನಿ ಪೂರ್ತಿ ವಾಪಸು ಸರಿಯಾಗದೇ ಇರಬಹುದು. ಅದಕ್ಕೇ.

ಮೊದಲ ಸೂಚನೆ ಹೆಚ್ಚಾಗಿ ಪಾದದಲ್ಲಿ. ಇರುವೆ ಹರಿದ ಹಾಗೆ, ಜೋಮು ಹಿಡಿದ ಹಾಗೆ, ಕೆಲವರಿಗೆ ಉರಿ. ಹಿರಿಯರನ್ನು ಹೀಗೆ ಕೇಳಿ: ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹೋಗಿದ್ದು ಗೊತ್ತೇ ಆಗುವುದಿಲ್ಲವಾ? ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಬೀಳುವ ಹಾಗೆ ಆಗುತ್ತದಾ? ರಾತ್ರಿ ಕರೆಂಟ್ ಹೋದರೆ ನಡೆಯಲು ಭಯವಾ? ಕಾಲು ಎಲ್ಲಿದೆ ಅಂತ ಮೆದುಳಿಗೆ ಹೇಳುವ ನರಗಳು ಸೋತಾಗ ನಾವು ಕಣ್ಣಿನ ಸಹಾಯದಿಂದ ನಡೆಯುತ್ತೇವೆ. ಕಣ್ಣು ಮುಚ್ಚಿದ ಕೂಡಲೇ ಸಮತೋಲನ ಹೋಗುತ್ತದೆ. "ವಯಸ್ಸಾಯ್ತು, ಹಾಗೇ" ಅಂತ ಬಿಟ್ಟುಬಿಡುವ ಲಕ್ಷಣ ಇದಲ್ಲ.

ನಾಲಗೆ ತೋರಿಸಲು ಹೇಳಿ. ಕೆಂಪಾಗಿ, ಮೇಲಿನ ಒರಟು ಪದರ ಹೋಗಿ ನುಣ್ಣಗಾಗಿದ್ದರೆ, ಖಾರ ತಾಗಿದ ಕೂಡಲೇ ಉರಿದರೆ ಬಿ12, ಫೋಲೇಟ್ (ಮಾತ್ರೆಯಲ್ಲಿ ಇದನ್ನೇ ಫೋಲಿಕ್ ಆಸಿಡ್ ಅನ್ನುತ್ತಾರೆ) ಅಥವಾ ಕಬ್ಬಿಣ ಕಡಿಮೆ ಇರಬಹುದು. ಕೈಬೆರಳ ಗಂಟುಗಳ ಮೇಲೆ ಹೊಸದಾಗಿ ಕಪ್ಪು ಬಂದಿದೆಯಾ ನೋಡಿ. ನಮ್ಮ ಚರ್ಮದ ಬಣ್ಣದವರಲ್ಲಿ ಇದು ಬಿ12 ಕೊರತೆಯ ಒಳ್ಳೆಯ ಸುಳಿವು. ಮರೆವು, ಸಿಡುಕು, ಮಂಕು ಕೂಡ ಸೇರಬಹುದು. ಹಿರಿಯರ ಮರೆವಿಗೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ರಕ್ತ ಕಡಿಮೆ ಇದೆ ಅಂತ ಫೋಲಿಕ್ ಆಸಿಡ್ ಮಾತ್ರೆ ಮಾತ್ರ ತಗೊಂಡರೆ ಹಿಮೋಗ್ಲೋಬಿನ್ ಏರಬಹುದು, ರಿಪೋರ್ಟ್ ಚೆಂದ ಕಾಣಬಹುದು. ಒಳಗೆ ಬಿ12 ಕೊರತೆಯಿಂದ ನರದ ಹಾನಿ ಮುಂದುವರಿಯುತ್ತಲೇ ಇರುತ್ತದೆ.

ಮಗುವಿಗೆ ಹಾಲೂಡಿಸುತ್ತಿರುವ ಸಸ್ಯಾಹಾರಿ ತಾಯಂದಿರೇ, ಇದನ್ನು ದಯವಿಟ್ಟು ಗಮನಿಸಿ. ತಾಯಿಯಲ್ಲಿ ಬಿ12 ಕಡಿಮೆ ಇದ್ದರೆ ಎದೆಹಾಲಿನಲ್ಲೂ ಕಡಿಮೆ ಇರುತ್ತದೆ. ಆರು ತಿಂಗಳ ಆಚೆ ಈಚೆ ಮಗು ನಗುವುದು ಕಡಿಮೆ ಮಾಡಿದರೆ, ನಿಲ್ಲುತ್ತಿದ್ದ ಕತ್ತು ಮತ್ತೆ ವಾಲಿದರೆ, ಕಲಿತದ್ದನ್ನು ಮರೆತರೆ, ಕೈಕಾಲು ನಡುಗಿದರೆ ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಬೇಗ ಚಿಕಿತ್ಸೆ ಕೊಟ್ಟರೆ ಮಗು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ.

ಹಂತ 4: ನೆಲದಿಂದ ಏಳುವುದನ್ನು ಗಮನಿಸಿ

ವಿಟಮಿನ್ ಡಿ ಕೊರತೆ ಇರುವ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ತುಂಬಾ ಕಡಿಮೆಯಾದಾಗ ಮೂಳೆ ಮತ್ತು ಸ್ನಾಯು ಹೇಳುತ್ತವೆ. ಮಠದಲ್ಲೋ ಮದುವೆಮನೆಯಲ್ಲೋ ಪಂಕ್ತಿಯಲ್ಲಿ ಕೂತು ಊಟ ಮಾಡಿ ಏಳುವಾಗ ತೊಡೆ ಮೇಲೆ ಕೈ ಊರಬೇಕಾ? ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಎಳೆದುಕೊಳ್ಳಬೇಕಾ? ಮಂಡಿ ನೋವಿಲ್ಲದೆಯೂ ಹೀಗಾದರೆ ಸ್ನಾಯು ಸೋತಿದೆ ಅಂತ ಅರ್ಥ. ಸೊಂಟ, ಪಕ್ಕೆಲುಬು, ಮೊಣಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಿಂದ ಒತ್ತಿದಾಗ ನೋಯುವುದೂ ಇದೆ. ಮಕ್ಕಳಲ್ಲಿ ಕಾಲು ಬಿಲ್ಲಿನಂತೆ ಬಾಗುವುದು, ಮಣಿಕಟ್ಟು ದಪ್ಪವಾಗುವುದು, ನಡೆಯಲು ತಡವಾಗುವುದು ರಿಕೆಟ್ಸ್‌ನ ಲಕ್ಷಣ. ಹುಟ್ಟಿದ ಮಗುವಿಗೆ ಮೊದಲ ವರ್ಷ ದಿನಕ್ಕೆ 400 ಯುನಿಟ್ ಡಿ ಹನಿ ಕೊಡಲು ಮಕ್ಕಳ ತಜ್ಞರು ಹೇಳುವುದು ಇದಕ್ಕೇ. ಅದನ್ನು ಮರೆಯಬೇಡಿ.

ಹಂತ 5: ಕಣ್ಣು, ಬಾಯಿ, ವಸಡು

ಸಂಜೆಯಾದ ಮೇಲೆ ಮಗು ಎಡವುತ್ತದೆ, ಕೆಳಗೆ ಬಿದ್ದ ಆಟಿಕೆ ಹುಡುಕಲು ಕಷ್ಟಪಡುತ್ತದೆ, ಕಣ್ಣಿನ ಬಿಳಿ ಭಾಗದಲ್ಲಿ ನೊರೆಯಂಥ ಮಚ್ಚೆ ಇದೆ ಅಂದರೆ ವಿಟಮಿನ್ ಎ ಕೊರತೆ. ಇರುಳುಗುರುಡು ಇದರ ಮೊದಲ ಲಕ್ಷಣ. ಈಗ ಈ ಕೊರತೆ ಕಡಿಮೆಯಾಗಿದೆ. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಒಟ್ಟು 9 ಸಲ ಸರಕಾರದಿಂದ ಉಚಿತವಾಗಿ ವಿಟಮಿನ್ ಎ ದ್ರಾವಣ ಕೊಡುತ್ತಾರೆ. ತಾಯಿ ಕಾರ್ಡಿನಲ್ಲಿ ಎಷ್ಟು ಡೋಸ್ ಆಗಿದೆ ನೋಡಿ. ಮನೆಯಲ್ಲಿ ಹರಿವೆ, ಬಸಳೆ, ನುಗ್ಗೆಸೊಪ್ಪು, ಪಪ್ಪಾಯಿ, ಮಳೆಗಾಲದ ಆಟಿ ತಿಂಗಳ ತಜಂಕ್ ಸೊಪ್ಪು ಎಲ್ಲ ಒಳ್ಳೆಯದು. ವಿಟಮಿನ್ ಎ ಮೈಗೆ ಹತ್ತಲು ಜಿಡ್ಡು ಬೇಕು. ನಾವು ಸೊಪ್ಪಿಗೆ ತೆಂಗಿನಕಾಯಿ ಹಾಕುವುದರಿಂದ ಆ ಚಿಂತೆ ಇಲ್ಲ.

ಬಾಯಿಯ ಎರಡೂ ಮೂಲೆ ಒಡೆಯುವುದು, ಪದೇ ಪದೇ ಬಾಯಿ ಹುಣ್ಣು ಬರುವುದು ಬಿ2, ಬಿ12, ಫೋಲೇಟ್ ಅಥವಾ ಕಬ್ಬಿಣದ ಕೊರತೆಯಿಂದ ಆಗಬಹುದು. ಸರಿಯಾಗಿ ಕೂರದ ಹಲ್ಲಿನ ಸೆಟ್, ಶುಗರ್, ಫಂಗಸ್‌ನಿಂದಲೂ ಆಗುತ್ತದೆ. ಮೂರು ವಾರ ಕಳೆದರೂ ಒಣಗದ ಹುಣ್ಣನ್ನು ವಿಟಮಿನ್ ಲೆಕ್ಕಕ್ಕೆ ಹಾಕಲೇಬೇಡಿ. ಎಲೆಯಡಿಕೆ, ಗುಟ್ಕಾ ಹಾಕುವವರಾದರೆ ಕೂಡಲೇ ಬಾಯಿ ಪರೀಕ್ಷೆ ಮಾಡಿಸಿ.

ವಸಡಿನಲ್ಲಿ ರಕ್ತ ಬಂದರೆ ಎಲ್ಲರೂ ವಿಟಮಿನ್ ಸಿ ಅನ್ನುತ್ತಾರೆ. ಹೆಚ್ಚಿನ ಸಲ ಅದು ವಸಡಿನ ರೋಗ, ಹಲ್ಲಿನ ಡಾಕ್ಟರ್ ಕ್ಲೀನ್ ಮಾಡಿದರೆ ಸರಿಹೋಗುತ್ತದೆ. ಸಿ ಕೊರತೆಯಲ್ಲಿ ವಸಡು ಊದಿ ರಕ್ತ ಬರುವುದರ ಜೊತೆ ಕೂದಲ ಬುಡದ ಸುತ್ತ ಕೆಂಪು ಚುಕ್ಕೆ ಕಾಣುತ್ತದೆ, ಗಾಯ ಒಣಗುವುದಿಲ್ಲ. ಹಣ್ಣು ತರಕಾರಿ ಮುಟ್ಟದ ಒಂಟಿ ಹಿರಿಯರಲ್ಲಿ, ಕುಡಿತ ಜಾಸ್ತಿ ಇರುವವರಲ್ಲಿ ಇದನ್ನು ಯೋಚಿಸಬೇಕು. ಬೇಸಿಗೆಯಲ್ಲಿ ಗುಡ್ಡದಲ್ಲಿ ಬಿದ್ದು ಕೊಳೆಯುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಬೀಜ ಹೆಕ್ಕಿ ಹಣ್ಣು ಬಿಸಾಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಬಿ1 ಬಗ್ಗೆ ಒಂದೆರಡು ಮಾತು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡರು. ಅಕ್ಕಿಯ ತೌಡಿನಲ್ಲಿ ಏನೋ ಇದೆ ಅಂತ ಗೊತ್ತಾದದ್ದು ಹಾಗೆ, ಅದೇ ಬಿ1. ಮುಂದೆ 1929ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕುಚ್ಚಲಕ್ಕಿಯಲ್ಲಿ ಭತ್ತವನ್ನೇ ಬೇಯಿಸುವುದರಿಂದ ತೌಡಿನ ಬಿ1 ಕಾಳಿನ ಒಳಗೆ ಇಳಿಯುತ್ತದೆ, ಬೇಯಿಸದೆ ಮಾಡುವ ಬೆಳ್ತಿಗೆ (ಬಿಳಿ) ಅಕ್ಕಿಯಲ್ಲಿ ಅಷ್ಟು ಉಳಿಯುವುದಿಲ್ಲ. ಆದರೆ ಅನ್ನ ಬಸಿದ ತೆಳಿಯನ್ನು ಚೆಲ್ಲಿದರೆ ಬಿ ವಿಟಮಿನ್‌ಗಳಲ್ಲಿ ಒಂದು ಪಾಲು ಚರಂಡಿಗೆ ಹೋಗುತ್ತದೆ. ತೆಳಿ ಕುಡಿಯಿರಿ, ಇಲ್ಲ ಗಂಜಿಯಾಗಿಯೇ ಉಣ್ಣಿ. ರೇಷನ್ ಅಕ್ಕಿಯಲ್ಲಿ ಬೇರೆ ಥರ ಕಾಣುವ ಕಾಳು ಸಿಕ್ಕಿದರೆ "ಪ್ಲಾಸ್ಟಿಕ್" ಅಂತ ಹೆಕ್ಕಿ ಎಸೆಯಬೇಡಿ. ಅದು ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು.

ಹಂತ 6: ದಾರಿ ತಪ್ಪಿಸುವ ಲಕ್ಷಣಗಳನ್ನು ಬದಿಗಿಡಿ

ಉಗುರಿನ ಮೇಲಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯಲ್ಲ. ಉಗುರಿಗೆ ಸಣ್ಣ ಪೆಟ್ಟು ಬಿದ್ದದ್ದಷ್ಟೇ. ಮಕ್ಕಳ ಕೆನ್ನೆಯ ಮಸುಕು ಬಿಳಿ ಮಚ್ಚೆ ಸಾಮಾನ್ಯವಾಗಿ ಒಣಚರ್ಮದ ತೊಂದರೆ, ಹುಳವೂ ಅಲ್ಲ, ವಿಟಮಿನ್ನೂ ಅಲ್ಲ. ಆದರೆ ಮಚ್ಚೆಯ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ಗುಣವಾಗುತ್ತದೆ.

ಮಂಗಳೂರಿನಲ್ಲಿ ಡೆಂಗಿ, ಮಲೇರಿಯಾ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರುತ್ತದೆ. ಜೋರು ಜ್ವರದ ನಂತರ ಹಾಗಾಗುವುದು ಸಹಜ, ತಾನಾಗಿ ನಿಲ್ಲುತ್ತದೆ. ಹೆದರಿ ಕೂದಲಿಗೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ನುಂಗುವವರು ಒಂದು ವಿಷಯ ತಿಳಿದಿರಿ. ಹೆಚ್ಚು ಬಯೋಟಿನ್ ತಗೊಂಡರೆ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು, ಹಾರ್ಟ್ ಅಟ್ಯಾಕ್ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆ ಕೂಡ. ಲ್ಯಾಬಿನಲ್ಲಿ ಹೇಳಲು ಮರೆಯಬೇಡಿ.

ಹಸಿ ಅಕ್ಕಿ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆಯ ಲಕ್ಷಣ. ಹೆಂಗಸರು ನಾಚಿಕೆಯಿಂದ ಹೇಳುವುದಿಲ್ಲ. ಕಬ್ಬಿಣ ವಿಟಮಿನ್ ಅಲ್ಲ, ಆದರೆ "ವಿಟಮಿನ್ ಕಡಿಮೆ" ಅಂತ ಬರುವ ಎಷ್ಟೋ ಹೆಂಗಸರಿಗೆ ನಿಜವಾಗಿ ಕಡಿಮೆ ಇರುವುದು ಅದೇ.

ಹಂತ 7: ಬೇಕಾದ ಪರೀಕ್ಷೆ ಮಾತ್ರ ಮಾಡಿಸಿ

ದೊಡ್ಡ ಪ್ಯಾಕೇಜ್ ಬೇಕಾಗಿಲ್ಲ. ಮೊದಲು ಪೂರ್ತಿ ರಕ್ತಕಣದ ಪರೀಕ್ಷೆ, ಅಂದರೆ ಸಿಬಿಸಿ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದೇ ಕಾಗದದಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, ಅಂತ ಒಂದು ಸಾಲು ಇರುತ್ತದೆ. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕೊರತೆ ಹುಡುಕಬೇಕು, 80ಕ್ಕಿಂತ ಕೆಳಗಿದ್ದರೆ ಕಬ್ಬಿಣದ್ದು. ಎರಡೂ ಕೊರತೆ ಒಟ್ಟಿಗೆ ಇದ್ದರೆ ಸರಾಸರಿ ನಡುವೆ ನಿಂತು ಎಲ್ಲ ಸರಿ ಇದೆ ಅನ್ನಿಸಬಹುದು. ಅದಕ್ಕೇ ಲಕ್ಷಣ ಬರೆದ ಚೀಟಿ ಡಾಕ್ಟರ ಕೈಗೆ ಕೊಡಿ.

ಬಿ12 ಸಾಮಾನ್ಯವಾಗಿ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದು ಕಾಲು ಜೋಮು ಇದ್ದರೆ "ನಾರ್ಮಲ್" ಅಂತ ಸುಮ್ನೆ ಕೂರಬೇಡಿ. ವಿಟಮಿನ್ ಡಿ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕಡಿಮೆ. ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಬಿ12 ಇಂಜೆಕ್ಷನ್ ತಗೊಂಡ ಮರುವಾರ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ, ಅಂಕಿ ಮೇಲೇ ಇರುತ್ತದೆ. ಬಿ ಕಾಂಪ್ಲೆಕ್ಸ್ ನುಂಗುವ ಮೊದಲೇ ರಕ್ತ ಕೊಡಿ ಅನ್ನುವುದೂ ಇದಕ್ಕೇ. ಖಾಸಗಿ ಲ್ಯಾಬ್ ದುಬಾರಿ ಅನ್ನಿಸಿದರೆ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಗರ್ಭಿಣಿಯರಿಗೆ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ ಇದೆ.

ಪರೀಕ್ಷೆಗೆ ಕಾಯಬಾರದ ಸಂದರ್ಭಗಳೂ ಇವೆ. ದಿನದಿಂದ ದಿನಕ್ಕೆ ಕಾಲಿನ ಬಲ ಇಳಿಯುವುದು, ಮೂತ್ರದ ಹತೋಟಿ ತಪ್ಪುವುದು, ಮೈ ತೀರಾ ಬಿಳಚಿಕೊಂಡು ಕೂತಲ್ಲೇ ಏದುಸಿರು ಬರುವುದು. ಕುಡಿತ ಇರುವವರು ವಾಂತಿ ಮಾಡುತ್ತಾ, ತೂರಾಡುತ್ತಾ, ಎರಡೆರಡು ಕಾಣುತ್ತದೆ ಅಂತ ಗಲಿಬಿಲಿಯಾಗಿ ಮಾತಾಡಿದರೆ ಅದು ಬರೀ ನಶೆ ಇರಲಿಕ್ಕಿಲ್ಲ. ಬಿ1 ಕೊರತೆ ಮೆದುಳಿಗೆ ತಾಗಿರಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 8: ಮಾತ್ರೆ, ಅಳತೆಯಲ್ಲಿ

ವಿಟಮಿನ್ ಡಿಯ 60,000 ಯುನಿಟ್ ಪುಡಿ ಅಥವಾ ಕ್ಯಾಪ್ಸೂಲ್ ವಾರಕ್ಕೆ ಒಂದು, ಸಾಮಾನ್ಯವಾಗಿ ಎಂಟು ವಾರ. ದಿನಕ್ಕೊಂದು ಅಲ್ಲ. ಚೀಟಿ ಸರಿ ಓದದೆ ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಬರುತ್ತದೆ, ಕಿಡ್ನಿ ಕೆಡಬಹುದು. ಅಂಗಡಿಯವರಿಂದ ಪ್ಯಾಕೆಟ್ ಮೇಲೆ "ವಾರಕ್ಕೆ ಒಮ್ಮೆ, ಭಾನುವಾರ" ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಹಾಲಿನ ಜೊತೆಗೋ ಊಟವಾದ ಮೇಲೋ ತಗೊಳ್ಳಿ. ವಿಟಮಿನ್ ಎ ಕೂಡ ಹೆಚ್ಚಾದರೆ ವಿಷ, ಗರ್ಭಿಣಿಯರು ಡಾಕ್ಟರ್ ಹೇಳದೆ ಮುಟ್ಟಬಾರದು. ಆದರೆ ಗರ್ಭ ಧರಿಸುವ ಯೋಚನೆ ಇರುವವರು ಒಂದು ತಿಂಗಳ ಮೊದಲೇ ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಬೇಕು. ಸಸ್ಯಾಹಾರಿಗಳಾದರೆ ಜೊತೆಗೇ ಬಿ12 ನೋಡಿಸಿಕೊಳ್ಳಿ.

ಬಿ12ಗೆ ಇಂಜೆಕ್ಷನ್ನೇ ಬೇಕೆಂದಿಲ್ಲ. ನರದ ಲಕ್ಷಣ ಇದ್ದರೆ ಮೊದಲು ಇಂಜೆಕ್ಷನ್ ಕೊಡುತ್ತಾರೆ. ಇಲ್ಲದಿದ್ದರೆ 1,000 ಮೈಕ್ರೋಗ್ರಾಂ ಮಾತ್ರೆಯಲ್ಲೇ ಹೆಚ್ಚಿನವರಲ್ಲಿ ಮಟ್ಟ ಏರುತ್ತದೆ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಯದ್ದು ಇದೆಯಾ ಕೇಳಿ. ಸುಸ್ತು ಕೆಲವು ವಾರಗಳಲ್ಲಿ ಇಳಿಯುತ್ತದೆ, ಜೋಮು ಹೋಗಲು ತಿಂಗಳುಗಳೇ ಬೇಕು. ಸುಸ್ತು ಹೋಯಿತು ಅಂತ ನಡುವೆ ಬಿಡಬೇಡಿ. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿ, ಊಟ ಬದಲಾಗದ ಸಸ್ಯಾಹಾರಿಗಳಾದರೆ ಕಡಿಮೆ ಡೋಸಿನಲ್ಲಿ ಮುಂದುವರಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.